ಭೈರಪ್ಪನವರ ಕೋವಿಯ ಕೆಂಪು ದಾರ

ಕಿವಿಗೊಡಿ, ಸದ್ಭಕ್ತರೇ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೆ ಮೊದಲು ಹೋಗಿ ಇಳಿಸಿ ಬನ್ನಿ. ಕೈಯಲ್ಲಿ ಫೋನಿದ್ದರೆ ಅದನ್ನು ಅರ್ಧ ಗಳಿಗೆ ಬೋರಲು ಮಲಗಿಸಿ. ಕೋವಿಯ ಕಥೆ ಎಂದೊಡನೆ ಕೋಟೆ, ಕಾಳಗ, ಮೀಸೆ ತಿರುವಿದ ದಳವಾಯಿಗಳು ಬರುತ್ತಾರೆಂದು ಕಾಯಬೇಡಿ. ಇಲ್ಲಿ ಬರುವವರು ಅರವತ್ತೆರಡು ವರ್ಷದ ಪುಷ್ಪಮ್ಮನವರು. ಅವರ ಜೊತೆಗೆ ಒಂದು ಮೊಳ ಕೆಂಪು ದಾರ, ಒಂದು ಕಬ್ಬಿಣದ ಸರಳು. ಇಷ್ಟರಲ್ಲೇ ಭಗವಂತ ತನ್ನ ಕೆಲಸ ಮುಗಿಸಿದ.

ಪುಷ್ಪಮ್ಮನವರು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜವಾನಿಕೆ ಮಾಡಿದವರು. ಈ ಮೇಜಿನ ಕಡತವನ್ನು ಆ ಮೇಜಿಗೆ, ಆ ಮೇಜಿನದನ್ನು ಮಹಡಿಗೆ ಹೊತ್ತು ಸವೆದ ಕಾಲುಗಳು ಅವರವು. ಯಾವ ಸಾಹೇಬರು ಓದಿ ಸಹಿ ಹಾಕುತ್ತಾರೆ, ಯಾರು ಚಹಾ ಕುಡಿಯುತ್ತಾ ಹಾಕುತ್ತಾರೆ ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ಸಂಜೆ ಭದ್ರಾವತಿಯ ಕಾಗದನಗರದ ಮನೆಗೆ ಬಂದು, "ಇವತ್ತೊಬ್ರು ತಮ್ಮ ವರ್ಗಾವಣೆ ಕಾಗದಕ್ಕೇ ಓದ್ದೆ ಸಹಿ ಹಾಕಿದ್ರು ಕಣ್ರೀ" ಎಂದು ಗಂಡನೊಡನೆ ಹೇಳಿ ನಗುತ್ತಿದ್ದರು. ಈ ನಗೆಯನ್ನು ನೆನಪಿನಲ್ಲಿಡಿ.

ಗಂಡ ಭೈರಪ್ಪನವರು ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕುಂಸಿಯ ಹತ್ತಿರ ಅವರಿಗೆ ಪಿತ್ರಾರ್ಜಿತವಾಗಿ ಮೂರು ಎಕರೆ ಹೊಲವಿತ್ತು. ಜೋಳ ಹಾಲುಗಟ್ಟಿತೆಂದರೆ ಕಾಡುಹಂದಿಗಳಿಗೆ ಯಾರೂ ಓಲೆ ಕಳಿಸಬೇಕಾಗಿರಲಿಲ್ಲ. ಅದಕ್ಕಾಗಿ ಹೊಲದ ಮನೆಯಲ್ಲಿ ಒಂದು ಕೇಪಿನ ಕೋವಿ, ಅದಕ್ಕೊಂದು ಬೆಳೆರಕ್ಷಣೆಯ ಲೈಸೆನ್ಸು. ತೋಟಾ ಹಾಕುವ ಈಗಿನ ಬಂದೂಕಲ್ಲ ಅದು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜ ಎಂಬ ಸರಳಿನಿಂದ ಜಡಿಯಬೇಕು. ಹಿಂಬದಿಯಲ್ಲಿ ಮೊಲೆ ಎಂಬ ಸಣ್ಣ ಕೊಳವೆಯ ಮೇಲೆ ಕಾಳಿನಷ್ಟು ಸಿಡಿಮದ್ದಿನ ಕೇಪು ಇಟ್ಟು, ಕುದುರೆ ಎಂಬ ಸುತ್ತಿಗೆಯನ್ನು ಎಳೆದು ಬಿಟ್ಟರೆ ಈಡು ಹಾರುತ್ತದೆ. ಒಮ್ಮೆ ತುಂಬಿದ ಈಡನ್ನು ಹಾರಿಸದೆ ತೆಗೆಯುವುದು ಸುಲಭವಲ್ಲ. ಹಂದಿ ಬಾರದಿದ್ದರೆ ಕೋವಿ ವಾರಗಟ್ಟಲೆ ತುಂಬಿದಂತೆಯೇ ಮೂಲೆಯಲ್ಲಿ ನಿಂತಿರುತ್ತಿತ್ತು.

ಹೊರಗಿನಿಂದ ನೋಡಿದರೆ ತುಂಬಿದ ಕೋವಿಗೂ ಖಾಲಿ ಕೋವಿಗೂ ಭೇದವೇ ಕಾಣದು. ಆದ್ದರಿಂದ ಭೈರಪ್ಪನವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಈಡು ತುಂಬಿದೊಡನೆ ಕುದುರೆಯ ಕೊರಳಿಗೆ ಕೆಂಪು ದಾರ ಕಟ್ಟುವುದು. ಹಾರಿಸಿದ ಮೇಲೆ ಅದನ್ನು ಬಿಚ್ಚಿ ಗೋಡೆಯ ಗೂಟಕ್ಕೆ ಸುತ್ತಿಡುವುದು. ದಾರ ಗೂಟದಲ್ಲಿದ್ದರೆ ನಿಶ್ಚಿಂತೆ, ಕೋವಿಯ ಮೇಲಿದ್ದರೆ ಜೋಕೆ. ಮೂರು ತಲೆಮಾರು ಈ ದಾರ ಒಂದು ಅನಾಹುತಕ್ಕೂ ಎಡೆಗೊಟ್ಟಿರಲಿಲ್ಲ.

ಆದರೆ ಆಯುಧಪೂಜೆಯ ದಿನ ಪುಷ್ಪಮ್ಮನವರು ಕುಡುಗೋಲು, ನೇಗಿಲು, ಪಂಪ್‌ಸೆಟ್ಟುಗಳ ಸಾಲಿನಲ್ಲಿ ಕೋವಿಯನ್ನೂ ಇರಿಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಜೊತೆ ತಾವೂ ಒಂದು ಕೆಂಪು ದಾರ ಕಟ್ಟುತ್ತಿದ್ದರು. ವಿಜಯದಶಮಿ ಕಳೆದ ಮೇಲೆ ತಾವೇ ಬಿಚ್ಚುತ್ತಿದ್ದರು. ಎರಡೂ ಒಂದೇ ಉಂಡೆಯ ದಾರ.

ಹೋದ ವರ್ಷ ದಸರೆ ಮುಗಿದ ಹದಿನೈದು ದಿನಕ್ಕೆ ಭೈರಪ್ಪನವರು ಹೊಲದಿಂದ ಬಂದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ತಿಥಿ ಮುಗಿಯುವಷ್ಟರಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂದು ಕಾಗದ ಬಂತು. "ಪರವಾನಗಿದಾರರು ಆಯುಧದೊಂದಿಗೆ ಸ್ವತಃ ಹಾಜರಾಗತಕ್ಕದ್ದು" ಎಂದು ಅದರಲ್ಲಿ ಅಚ್ಚಾಗಿತ್ತು. ಪುಷ್ಪಮ್ಮನವರು ಮರಣಪತ್ರ ಹಿಡಿದು ಹೋದರು.

"ಲೈಸೆನ್ಸುದಾರರು ಎಲ್ಲಮ್ಮಾ? ಅವರೇ ಬರ್ಬೇಕು ಅಂತ ಇದೆ" ಎಂದರು ಗುಮಾಸ್ತರು, ತಲೆ ಎತ್ತದೆ.

"ಅವರು ಬರೋದು ಕಷ್ಟ ಸ್ವಾಮಿ. ಅಷ್ಟು ಅಗತ್ಯ ಇದ್ರೆ ನೀವೇ ಒಂದ್ಸಲ ಹೋಗಿ ಕಂಡು ಬನ್ನಿ."

ಗುಮಾಸ್ತರು ಮರಣಪತ್ರ ನೋಡಿ ನಾಲಿಗೆ ಕಚ್ಚಿಕೊಂಡರು. ಆದರೂ ಕಾಲಂ ಖಾಲಿ ಬಿಡುವಂತಿಲ್ಲವೆಂದು "ಗೈರುಹಾಜರು" ಎಂದು ಬರೆದರು.

ಒಪ್ಪಿಸುವ ಮುನ್ನ ಪುಷ್ಪಮ್ಮನವರು ಕೋವಿಯನ್ನು ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿದರು. ಗಂಡನ ಕೈ ಹಿಡಿದ ವಸ್ತು, ಕೊಳಕಾಗಿ ಪರರ ಕೈಗೆ ಹೋಗಬಾರದೆಂಬ ಮಮತೆ. ಕುದುರೆಯ ಕೊರಳಲ್ಲಿ ಕೆಂಪು ದಾರವಿತ್ತು. "ಅಯ್ಯೋ, ಈ ಸಲ ದಸರೆ ದಾರ ಬಿಚ್ಚೋದನ್ನೇ ಮರೆತೆನಲ್ಲ" ಎಂದುಕೊಂಡು ಕತ್ತರಿಯಿಂದ ಕತ್ತರಿಸಿ, ತುಳಸಿಯ ಬುಡಕ್ಕೆ ಹಾಕಿದರು. ಠಾಣೆಯವರೂ ಕೋವಿಯ ನಂಬರು ನೋಡಿದರೇ ಹೊರತು ನಳಿಗೆ ನೋಡಲಿಲ್ಲ. ಪಟ್ಟಿಯಲ್ಲಿ ಬರೆದುಕೊಂಡು ಮೂಲೆಗಿಟ್ಟರು.

ನಾಲ್ಕು ತಿಂಗಳ ಮೇಲೆ ಕಾಗದನಗರದ ಮನೆಗೆ ರೂಪೇಶ್ ಎಂಬ ತರುಣ ಬಂದ. ಕೊರಳಲ್ಲಿ ಟೈ, ಕೈಯಲ್ಲಿ ಬಣ್ಣದ ಪುಸ್ತಿಕೆ. ಶಿವಮೊಗ್ಗದ ಹೊರವಲಯದಲ್ಲಿ "ವಿಜಯಕೋಟೆ" ಎಂಬ ಬಡಾವಣೆ ಮಾಡಿ ಸೈಟು ಮಾರುತ್ತಿದ್ದ ಕಂಪನಿಯ ಮಾರ್ಕೆಟಿಂಗ್‌ನವನು. ಮೂಲೆ ಸೈಟಿಗೆ ಬುರುಜು ಎಂದು ಹೆಸರು, ಮುಖ್ಯರಸ್ತೆಗೆ ಫಿರಂಗಿ ರಸ್ತೆ ಎಂದು ಹೆಸರು. ಎರಡು ಸೈಟು ಕೊಂಡವರಿಗೆ ಸೇನಾಪತಿ ಎಂಬ ಬಿರುದು, ಜರಿಪೇಟ. ಪುಸ್ತಿಕೆಯ ಮೇಲೆ "ಶತ್ರು ನುಗ್ಗದ ಕಾಂಪೌಂಡ್" ಎಂದು ದಪ್ಪಕ್ಷರದಲ್ಲಿತ್ತು.

"ಹಳೇ ಕೋವಿಗಳ ಪ್ರದರ್ಶನ ಇಟ್ಕೊಂಡಿದೀವಿ ಮೇಡಂ. ಮೇಲಿನವರ ಪರ್ಮಿಷನ್ ಆಗಿದೆ, ಪೊಲೀಸ್ ಕಾವಲೂ ಇರುತ್ತೆ. ಠಾಣೆಲಿರೋ ನಿಮ್ಮನೆ ಕೋವಿಗೆ ನಿಮ್ಮದೊಂದು ಒಪ್ಪಿಗೆ ಸಹಿ ಬೇಕು. ಯಜಮಾನ್ರ ಹೆಸರು ದೊಡ್ಡದಾಗಿ ಬೋರ್ಡ್ ಮೇಲೆ ಬರುತ್ತೆ."

ಕೊನೆಯ ಮಾತು ಪುಷ್ಪಮ್ಮನವರ ಎದೆಗೆ ತಾಗಿತು. ಭೈರಪ್ಪ ಎಂಬ ಹೆಸರು ಕಾರ್ಖಾನೆಯ ಹಾಜರಿಪಟ್ಟಿ ಬಿಟ್ಟರೆ ಬೇರೆಲ್ಲಿಯೂ ದೊಡ್ಡದಾಗಿ ಬಂದದ್ದಿಲ್ಲ.

"ಬೋರ್ಡಲ್ಲಿ ಏನಂತ ಬರೀತೀರಪ್ಪ?"

"ಕೆಳದಿ ಸೈನ್ಯದಲ್ಲಿ ಗರ್ಜಿಸಿದ ಕೋವಿ, ಭೈರಪ್ಪನವರ ವಂಶದ ಕೊಡುಗೆ!"

"ನಮ್ಮನೇಲಿ ಅದು ಗರ್ಜಿಸಿದ್ದು ಹಂದಿ ಮೇಲೆ ಮಾತ್ರ ಕಣಪ್ಪ."

"ಹಂದಿ ಅಂತ ಹಾಕಿದ್ರೆ ಸೈಟು ಹೋಗಲ್ಲ ಮೇಡಂ" ಎಂದು ರೂಪೇಶ್ ನಕ್ಕ. "ಜನ ಕೋವಿ ಹಿಡ್ಕೊಂಡು ಫೋಟೊ ತೆಗೆಸ್ಕೋಬಹುದು. ಸೌಂಡ್ ಬರಲಿ ಅಂತ ಮಕ್ಕಳ ಪಿಸ್ತೂಲಿಗೆ ಹಾಕ್ತಾರಲ್ಲ, ಆ ಪಟಾಕಿ ಕೇಪು ಇಡ್ತೀವಿ. ಟಪ್ ಅನ್ನದಿದ್ರೆ ರೀಲ್ಸ್ ಓಡಲ್ಲ. ಹಾಂ, ಕೋವಿ ಜೊತೆ ಗಜ ಇರಲಿಲ್ಲ. ಅದಿದ್ರೆ ಉದ್ಘಾಟನೆ ದಿನ ತಂದ್ಕೊಡಿ, ಲುಕ್ ಬರುತ್ತೆ."

ಒಪ್ಪಿಗೆಪತ್ರದ ಒಂಬತ್ತನೆಯ ಕಾಲಮಿನಲ್ಲಿ ಹೀಗಿತ್ತು: "ಸದರಿ ಕೋವಿಯು ಖಾಲಿ ಇರುವುದನ್ನು ನಾನು ಖುದ್ದು ಪರಿಶೀಲಿಸಿರುತ್ತೇನೆ." ಪುಷ್ಪಮ್ಮನವರು ಪರಿಶೀಲಿಸಿರಲಿಲ್ಲ. ಪರಿಶೀಲಿಸುವ ಬಗೆಯೂ ಅವರಿಗೆ ತಿಳಿದಿರಲಿಲ್ಲ. ಅವರ ಕಣ್ಣಿಗೆ ಬೋರ್ಡಿನ ಮೇಲಿನ ಗಂಡನ ಹೆಸರೊಂದೇ ಕಾಣುತ್ತಿತ್ತು. ಮೂವತ್ತೊಂದು ವರ್ಷ ಓದದೆ ಸಹಿ ಹಾಕುವವರನ್ನು ಕಂಡು ನಕ್ಕ ತಾಯಿ, ಅಂದು ಚಹಾದ ಲೋಟ ಪಕ್ಕಕ್ಕಿಟ್ಟು ಸಹಿ ಹಾಕಿದರು.

ಉದ್ಘಾಟನೆ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಶಿವಮೊಗ್ಗ ಪೇಟೆಯ ಒಂದು ಫಂಕ್ಷನ್ ಹಾಲ್‌ನಲ್ಲಿ. ಗಜವನ್ನು ತರಲೆಂದು ಪುಷ್ಪಮ್ಮನವರು ಮುಂಜಾನೆಯೇ ಕುಂಸಿಯ ಬಸ್ಸು ಹಿಡಿದು ಹೊಲದ ಮನೆಗೆ ಹೋದರು. ಬೀಗ ತೆರೆದರು. ಕಬ್ಬಿಣದ ಗಜ ಗೋಡೆಗೆ ಒರಗಿತ್ತು. ಅದನ್ನು ಎತ್ತಿಕೊಂಡಾಗ ಹಿಂದಿನ ಗೂಟ ಕಣ್ಣಿಗೆ ಬಿತ್ತು.

ಗೂಟ ಬರಿದಾಗಿತ್ತು.

ಬಿದ್ದಿರಬಹುದೆಂದು ನೆಲ ಸವರಿದರು. ಸಂದಿಗೊಂದಿ ಕೆದಕಿದರು. ಮೂಲೆಯ ಡಬ್ಬಿಯಲ್ಲಿ ದಸರೆಯ ದಿನ ತಾವು ಕಟ್ಟಿದ್ದ ದಾರ, ಬಾಡಿ ಕಪ್ಪಾದ ಚೆಂಡುಹೂವಿನ ಸಮೇತ ಸಿಕ್ಕಿತು. ಅದನ್ನವರು ವಾಡಿಕೆಯಂತೆ ಬಿಚ್ಚಿಯೇ ಇಟ್ಟಿದ್ದರು. ಹಾಗಾದರೆ ಕತ್ತರಿಸಿ ತುಳಸಿಯ ಬುಡಕ್ಕೆ ಹಾಕಿದ್ದು? ಅದು ಭೈರಪ್ಪನವರು ಕೊನೆಯ ಸಲ ಈಡು ತುಂಬಿ ಕಟ್ಟಿದ ದಾರ! ಕೋವಿ ತುಂಬಿದೆ. ಇಂದು ಜನ ಅದನ್ನು ಒಬ್ಬರ ಎದೆಗೊಬ್ಬರು ಗುರಿಯಿಟ್ಟು, ಕೇಪು ಸಿಡಿಸಿ ಫೋಟೊ ತೆಗೆಸಿಕೊಳ್ಳುವವರು.

ಪುಷ್ಪಮ್ಮನವರು ಕೂಡಲೇ ಫೋನು ತೆಗೆದರು. ರೂಪೇಶನಿಗೆ ಫೋನು ಮಾಡಿದರು, ಎತ್ತಲಿಲ್ಲ. ಪುಸ್ತಿಕೆಯಲ್ಲಿದ್ದ ನಂಬರಿಗೆ ಮಾಡಿದರೆ ಕಹಳೆ ಮೊಳಗಿ ಒಂದು ಹೆಣ್ಣುದನಿ ಮಾತಾಡಿತು: "ವಿಜಯಕೋಟೆಗೆ ಸುಸ್ವಾಗತ. ಬುರುಜಿನ ಸೈಟಿಗೆ ಒಂದನ್ನು ಒತ್ತಿ. ಫಿರಂಗಿ ರಸ್ತೆಯ ಸೈಟಿಗೆ ಎರಡನ್ನು ಒತ್ತಿ." ಒಂದನ್ನು ಒತ್ತಿದರು. "ಅಭಿನಂದನೆಗಳು! ನಿಮ್ಮ ಕೋಟೆ ನಿಮಗಾಗಿ ಕಾಯುತ್ತಿದೆ" ಎಂದು ದನಿ ನಿಂತುಹೋಯಿತು. ಠಾಣೆಗೆ ಮಾಡಿದರೆ, "ಕೋವಿ ನಮ್ಮ ಲಿಮಿಟ್ಟು ಸರಿ, ಆದ್ರೆ ಹಾಲ್ ಟೌನ್ ಲಿಮಿಟ್ಟಿಗೆ ಬರುತ್ತಲ್ಲಮ್ಮ, ಅಲ್ಲಿಗೆ ಮಾಡಿ" ಎಂದರು. ಅಲ್ಲಿನ ನಂಬರು ಎಂಗೇಜು. ಕೂತು ಅಳುವ ಹೊತ್ತಲ್ಲ. ಗಜವನ್ನು ಹೆಗಲಿಗೇರಿಸಿ, ಬೀಗವನ್ನೂ ಹಾಕದೆ ರಸ್ತೆಗೆ ಓಡಿದರು.

ಬಸ್ಸಿನಲ್ಲಿ ಕಂಡಕ್ಟರು ಸರಳನ್ನು ನೋಡಿ, "ಏನಜ್ಜೀ, ಯುದ್ಧಕ್ಕೆ ಹೊರಟ್ರಾ? ಈಟಿಗೆ ಲಗೇಜ್ ಟಿಕೆಟ್ ಆಗುತ್ತೆ" ಎಂದ.

"ಹರಿ ಮಾರಾಯ, ಎಷ್ಟಾದ್ರೂ ಹರಿ. ಬಸ್ಸು ಮಾತ್ರ ನಿಲ್ಲಿಸ್ಬೇಡ."

ತ್ಯಾವರೆಕೊಪ್ಪದ ಬಳಿ ಬಸ್ಸು ನಿಂತೇಬಿಟ್ಟಿತು. ಭಾನುವಾರ, ಹುಲಿ ಸಿಂಹ ನೋಡಲು ಬಂದವರ ಕಾರುಗಳು ರಸ್ತೆಯನ್ನೇ ನುಂಗಿದ್ದವು. ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಆ ನಿಂತ ಬಸ್ಸಿನಲ್ಲಿ ಪುಷ್ಪಮ್ಮನವರ ಮನಸ್ಸಿನೊಳಗೆ ಇನ್ನೊಂದು ದನಿ ಎದ್ದಿತು. ಪರಿಶೀಲಿಸಿದ್ದೇನೆಂದು ಸುಳ್ಳು ಬರೆದುಕೊಟ್ಟವಳು ನೀನು. ಹೋಗಿ ಹೇಳಿದರೆ ಕೇಸಾದೀತು, ಪಿಂಚಣಿಗೂ ಕಲ್ಲು ಬಿದ್ದೀತು. ಬೋರ್ಡಿನ ಮೇಲಿನ ಹೆಸರಿಗೆ ಮಸಿ ಬಳಿದಾರು. ತುಂಬಿದ ಕೋವಿ ಬಿಟ್ಟು ಸತ್ತವನೆಂದು ಆ ಪುಣ್ಯಾತ್ಮನನ್ನು ಆಡಿಕೊಂಡಾರು. ಗಜ ಕೊಡುವ ನೆಪದಲ್ಲಿ ಹೋಗಿ, ಕೋವಿಗೆ ಎಣ್ಣೆ ಹಚ್ಚಬೇಕೆಂದು ಸುಮ್ಮನೆ ಪಕ್ಕಕ್ಕೆ ಎತ್ತಿಡಬಾರದೇ?

ಬಂಧುಗಳೇ, ಇಂಥ ದನಿ ನಮಗೂ ಹೊಸದಲ್ಲ. ಅದು ಬಹಳ ನಯವಾಗಿ, ನಮ್ಮ ಹಿತೈಷಿಯ ಹಾಗೆಯೇ ಮಾತಾಡುತ್ತದೆ. ಪುಷ್ಪಮ್ಮನವರು ಕಣ್ಣು ಮುಚ್ಚಿ, "ಅಪ್ಪಾ ಭಗವಂತ, ನನ್ನ ಮರ್ಯಾದೆ ನೀನು ಬೇಕಾದಂಗೆ ಮಾಡ್ಕೋ. ನಾನು ಹೋಗೋತನಕ ಆ ಕುದುರೆ ಬೀಳದಂಗೆ ಹಿಡ್ಕೋ" ಎಂದು ಬೇಡಿಕೊಂಡರು.

ಆತ ಕೇಳಿಸಿಕೊಂಡ. ಮುಖ್ಯ ಅತಿಥಿಗಳು ಒಂದೂಕಾಲು ಗಂಟೆ ತಡವಾಗಿ ಬಂದರು. ಬಂದವರು ಸ್ವಾಗತಕ್ಕೂ ವಂದನೆಗೂ ನಡುವೆ ಬೇಕಾದಷ್ಟು ಮಾತಾಡಿದರು. ಸೇವೆಯ ಉದ್ದಕ್ಕೂ ವಿಳಂಬವನ್ನು ಶಪಿಸಿದ್ದ ಪುಷ್ಪಮ್ಮನವರು ಆಮೇಲೆ ಅದಕ್ಕೆ ಕೈ ಮುಗಿದರು.

ಅವರು ಏದುಸಿರು ಬಿಡುತ್ತಾ ಹಾಲಿನ ಬಾಗಿಲಿಗೆ ಬಂದಾಗ ಆಗಷ್ಟೇ ಟೇಪು ಕತ್ತರಿಸಲಾಗಿತ್ತು. ಥರ್ಮಾಕೋಲಿನ ಕೋಟೆ, ಅದರ ಮುಂದೆ ಫೋಟೊಗೆ ಉದ್ದನೆಯ ಸಾಲು. ಮೊದಲ ಜೋಡಿ ಮದುವೆ ಗೊತ್ತಾಗಿದ್ದ ಶ್ರೇಯಸ್ ಮತ್ತು ಮೋನಿಕಾ. ಲಕ್ಕಿ ಡ್ರಾದಲ್ಲಿ ಗೆದ್ದು, ರಾಜರಾಣಿಯ ವೇಷ ತೊಟ್ಟು ನಿಂತಿದ್ದರು. ಭೈರಪ್ಪನವರ ಕೋವಿ ಹುಡುಗನ ಕೈಯಲ್ಲಿತ್ತು. ಕುದುರೆ ಹಿಂದಕ್ಕೆಳೆದಿತ್ತು. ಕೋವಿಯ ಮೊಲೆಯ ಮೇಲೆ ಪಟಾಕಿ ಕೇಪು ಕೂತಿತ್ತು. ನಳಿಗೆ ಹುಡುಗಿಯ ಹಾರದ ಕಡೆಗಿತ್ತು.

"ಹೆದರ್ಕೊಂಡಂಗೆ ಮುಖ ಮಾಡಿ ಮೇಡಂ" ಎಂದು ಹುರಿದುಂಬಿಸುತ್ತಿದ್ದ ರೂಪೇಶ್. "ಸಾರ್, ಮೂರು ಅಂದ್ಕೂಡ್ಲೆ ಒತ್ತಿ. ಒಂದು..."

"ಒತ್ತಬೇಡಾ!" ಎಂದು ಪುಷ್ಪಮ್ಮನವರು ಕೂಗಿದರು. "ತುಂಬಿದ ಕೋವಿ ಅದು! ಇಳಿಸಪ್ಪಾ!"

ಮೈಕಿನ ಗದ್ದಲದಲ್ಲಿ ಹಿಂದಿನ ಸಾಲಿನವರು ಇದೂ ನಾಟಕದ ಭಾಗವೆಂದು ಚಪ್ಪಾಳೆ ತಟ್ಟಿದರು. ರೂಪೇಶ್ "ಎರಡು" ಎಂದ. ಪುಷ್ಪಮ್ಮನವರು ಹಗ್ಗ ದಾಟಿ, ಜನರನ್ನು ಸೀಳಿಕೊಂಡು ನುಗ್ಗಿದರು. ಗಜವನ್ನು ಕಂಕುಳಿಗೆ ಸಿಕ್ಕಿಸಿ, ಎಡಗೈಯಿಂದ ನಳಿಗೆಯನ್ನು ಮೇಲಕ್ಕೆ ತಳ್ಳಿ, ಬಲಗೈಯ ಹೆಬ್ಬೆರಳನ್ನು ಕುದುರೆಗೂ ಕೇಪಿಗೂ ನಡುವೆ ತೂರಿಸಿದರು. ಬೆಚ್ಚಿದ ಹುಡುಗನ ಬೆರಳು ಒತ್ತಿಯೇಬಿಟ್ಟಿತು. ಕುದುರೆ ಬಿದ್ದಿತು, ಉಗುರಿನ ಮೇಲೆ. ಸದ್ದು ಬರಲಿಲ್ಲ.

"ಏನಜ್ಜೀ ಇದು! ಫೋಟೊ ಹಾಳಾಯ್ತು" ಎಂದ ಶ್ರೇಯಸ್.

"ನಿನ್ನ ಮದುವೆ ಉಳೀತು ಮಗಾ. ಕೋವಿ ಕೊಡು."

ಕಾವಲಿಗಿದ್ದ ಹೆಡ್ ಕಾನ್‌ಸ್ಟೇಬಲ್ ಶೇಷಪ್ಪನವರು ಒಪ್ಪಿಗೆಪತ್ರಗಳನ್ನು ಅಂಟಿಸಿದ ಪುಸ್ತಕ ಹಿಡಿದು ಓಡಿಬಂದರು. "ಖಾಲಿ ಅಂತ ರೆಕಾರ್ಡಲ್ಲಿದೆ ಕಣಮ್ಮ. ಒಂಬತ್ತನೇ ಕಾಲಂ, ಇಲ್ನೋಡಿ. ಪುಷ್ಪಮ್ಮ ಅಂತ ಸಹಿ ಇದೆ. ಯಾರು ಈ ಪುಷ್ಪಮ್ಮ?"

ಎಲ್ಲರ ಕಣ್ಣೂ ಅವರ ಮೇಲಿತ್ತು. ಹಿಂದೆ ಗೋಡೆಯ ಮೇಲೆ ಆಳೆತ್ತರದ ಬೋರ್ಡಿನಲ್ಲಿ ಭೈರಪ್ಪನವರ ಹೆಸರು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ನಾನೇ ಸ್ವಾಮಿ. ನೋಡ್ದೆ ಸಹಿ ಹಾಕಿದೆ. ನಾನು ಬರೆದುಕೊಟ್ಟಿದ್ದು ಸುಳ್ಳು."

ಆಗ ಅತಿಥಿಗಳ ಸಾಲಿನಿಂದ ಬಿಳಿ ಮೀಸೆಯ ಶಿವಯೋಗಪ್ಪನವರು ಎದ್ದು ಬಂದರು. ಸೈನ್ಯದಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿದ ನಿವೃತ್ತ ಹವಾಲ್ದಾರರು. "ಆ ಗಜ ಕೊಡಿ ತಾಯಿ" ಎಂದು ಇಸಿದುಕೊಂಡು, ಮೊದಲು ಮೊಲೆಯ ಮೇಲಿನ ಕೇಪು ತೆಗೆದರು. ಬಳಿಕ ಗಜವನ್ನು ನಳಿಗೆಯೊಳಗೆ ಇಳಿಬಿಟ್ಟರು. ಅದು ಠಣ್ ಎನ್ನಲಿಲ್ಲ. ಮೆತ್ತೆಗೆ ತಾಗಿದಂತೆ ಮಂದವಾಗಿ ನಿಂತಿತು. ಅಳತೆ ಹಿಡಿದು ಹೊರತೆಗೆದು, ನಳಿಗೆಯ ಹೊರಮೈಗೆ ಇಟ್ಟು ನೋಡಿದರು. ಗಜದ ತುದಿ ತಳದಿಂದ ನಾಲ್ಕು ಬೆರಳು ಈಚೆಗೇ ಉಳಿದಿತ್ತು.

"ನಾಲ್ಕು ಬೆರಳು ಈಡು ಇದೆ" ಎಂದರು ಅವರು. "ಈ ದೂರದಲ್ಲಿ ಮರದ ಬಾಗಿಲಿಗೂ ತೂತು."

ಮೋನಿಕಾ ತಲೆಯ ಕಿರೀಟ ತೆಗೆದು ಅಲ್ಲೇ ನೆಲದ ಮೇಲೆ ಕೂತಳು. ರೂಪೇಶನ ಮುಖ ಥರ್ಮಾಕೋಲಿನಷ್ಟೇ ಬೆಳ್ಳಗಾಗಿತ್ತು.

ಶಿವಯೋಗಪ್ಪನವರು ಕೋವಿಯನ್ನು ಹೊರಗಿನ ಬಯಲಿಗೆ ಒಯ್ದು, ಜನರನ್ನು ದೂರವಿಟ್ಟು, ನಳಿಗೆಗೆ ನೀರು ಹೊಯ್ದು ಗಂಟೆಗಟ್ಟಲೆ ನೆನೆಸಿದರು. ಆಮೇಲೆ ತಿರುಪಿನ ಮೊನೆಯಿಂದ ತೆಂಗಿನ ನಾರನ್ನು ಎಳೆದರು. ಕಪ್ಪು ರಾಡಿಯ ಜೊತೆ ಹತ್ತೊಂಬತ್ತು ಸೀಸದ ಚರೆಗಳು ಸ್ಟೀಲಿನ ತಟ್ಟೆಗೆ ಬಿದ್ದವು. ಪ್ರತಿಯೊಂದು ಬಿದ್ದಾಗಲೂ ಪುಷ್ಪಮ್ಮನವರು ಉಸಿರು ಬಿಟ್ಟರು. ಕೊನೆಯದು ಬಿದ್ದ ಮೇಲೆ ಅತ್ತರು, ಅಳುತ್ತಲೇ ನಕ್ಕರು. ಊದಿಕೊಂಡ ಹೆಬ್ಬೆರಳನ್ನು ಮೋನಿಕಾ ತನ್ನ ರಾಣಿಯ ಸೆರಗಿನ ಅಂಚು ತೋಯಿಸಿ ಸುತ್ತುತ್ತಿದ್ದಳು.

ಹಾಲಿಗೆ ಹಿಂದಿರುಗಿದ ಶಿವಯೋಗಪ್ಪನವರು ಬೋರ್ಡಿನ ಕಡೆ ನೋಡಿ, "ತಮ್ಮಾ, ಕೇಪು ಹುಟ್ಟಿದ್ದೇ ಕೆಳದಿ ಸಂಸ್ಥಾನ ಹೋಗಿ ಅರ್ಧ ಶತಮಾನ ಆದ್ಮೇಲೆ. ಕೇಪಿನ ಕೋವಿ ಕೆಳದಿ ಸೈನ್ಯದಲ್ಲಿ ಹೆಂಗೆ ಗರ್ಜಿಸ್ತು?" ಎಂದು ಕೇಳಿದರು.

"ಹೆಡ್ಡಾಫೀಸಿಂದ ಬಂದ ಡಿಸೈನ್ ಸಾರ್" ಎಂದ ರೂಪೇಶ್, ತಲೆತಗ್ಗಿಸಿ.

ಅಷ್ಟರಲ್ಲಿ ಶೇಷಪ್ಪನವರು ಪುಷ್ಪಮ್ಮನವರನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಹೇಳಿದರು: "ಅಮ್ಮಾ, ರೆಕಾರ್ಡಲ್ಲಿ ಖಾಲಿ ಅಂತಿದೆ. ಕೋವೀನೂ ಈಗ ಖಾಲಿ ಆಯ್ತು. ಎರಡೂ ತಾಳೆ ಆಗುತ್ತೆ, ತಿದ್ದೋ ಗೋಜೇ ಇಲ್ಲ. ನೀವು ಮನೆಗೆ ಹೋಗಿ."

ಅದು ಕರುಣೆಯ ಮಾತೇ. ನಮ್ಮ ನಿಮ್ಮಂಥವರು ಕೈ ಮುಗಿದು ಹೊರಟುಬಿಡುತ್ತಿದ್ದೆವೇನೋ. ಪುಷ್ಪಮ್ಮನವರು ಹೊರಡಲಿಲ್ಲ.

"ಬೇಡ ಕಣಪ್ಪ. ಇವತ್ತು ತಾಳೆ ಆಯ್ತು ಅಂತ ಬಿಟ್ರೆ, ನಾಳೆ ಇನ್ನೊಂದು ಕೋವಿ ಹಿಂಗೇ ಬರುತ್ತೆ. ತುಂಬಿತ್ತು ಅಂತ ಬರೀರಿ, ಪುಷ್ಪಮ್ಮ ನೋಡ್ದೆ ಸಹಿ ಹಾಕಿದ್ಲು ಅಂತಾನೂ ಬರೀರಿ. ಓದ್ಕೊಂಡು ಸಹಿ ಹಾಕ್ತೀನಿ."

ಅದಕ್ಕೆ ಕಾಲಮೇ ಇರಲಿಲ್ಲ. ಶೇಷಪ್ಪನವರು ಪುಟದ ಅಂಚಿನಲ್ಲಿ ಬರೆದರು. ಉಳಿದ ಕೋವಿಗಳಿಗೂ ಗಜ ಇಳಿಸಿ ನೋಡಲಾಯಿತು. ಎಲ್ಲವೂ ನಿಜಕ್ಕೂ ಖಾಲಿಯಿದ್ದವು.

ಇಪ್ಪತ್ತು ದಿನಕ್ಕೆ ನೋಟೀಸು ಬಂತು. ಪುಷ್ಪಮ್ಮನವರು ಮಡಿಸೀರೆಯುಟ್ಟು, ದೇವರಿಗೆ ದೀಪ ಹಚ್ಚಿ, ಏನಾದರೂ ಆಗಲೆಂದು ಹೋದರು. ಮೇಲಧಿಕಾರಿಗಳು ಪುಟದ ಅಂಚಿನ ಬರಹವನ್ನು ಎರಡು ಸಲ ಓದಿದರು. "ಇದನ್ನ ನೀವಾಗಿಯೇ ಬರೆಸಿದ್ರಾ?" ಎಂದು ಕೇಳಿದರು. ಎಚ್ಚರಿಕೆ ಕೊಟ್ಟು ಕಳಿಸಿದರು. ಕೇಸಾಗಲಿಲ್ಲ, ಪಿಂಚಣಿಗೆ ಕುತ್ತು ಬರಲಿಲ್ಲ. ಇನ್ನು ಮುಂದೆ ಠಾಣೆಗೆ ಬರುವ ಪ್ರತಿ ಕೇಪಿನ ಕೋವಿಗೂ ಬರೆದುಕೊಳ್ಳುವ ಮೊದಲು ಗಜ ಇಳಿಸಿ ನೋಡಬೇಕೆಂದು ಅಧಿಕಾರಿಗಳು ಹೇಳಿದಾಗ, ಪುಷ್ಪಮ್ಮನವರಿಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು.

ರೂಪೇಶ್ ಆಮೇಲೊಂದು ದಿನ ಕಾಗದನಗರಕ್ಕೆ ಬಂದ. ಬೋರ್ಡು ಬದಲಾಯಿಸುತ್ತೇವೆ, ಏನು ಬರೆಯಲಿ ಎಂದು ಕೇಳಿದ. ಪುಷ್ಪಮ್ಮನವರು ಹೇಳಿದ್ದನ್ನು ಅವನು ಒಂದಕ್ಷರವೂ ಅಲಂಕರಿಸದೆ ಬರೆದುಕೊಂಡ: "ಕುಂಸಿ ಕಡೆಯ ರೈತ ಭೈರಪ್ಪನವರು ಹಂದಿಯಿಂದ ಜೋಳ ಕಾಯಲು ಇಟ್ಟಿದ್ದ ಕೋವಿ. ಈಗ ಖಾಲಿ ಇದೆ. ನೋಡಲಾಗಿದೆ."

ಹೊಲದ ಮನೆಯ ಗೂಟದಲ್ಲಿ ಈಗ ಹೊಸದೊಂದು ಕೆಂಪು ದಾರ ಸುತ್ತಿದೆ. ಪುಷ್ಪಮ್ಮನವರ ಹೆಬ್ಬೆರಳಿನ ಕಪ್ಪು ಉಗುರು ಉದುರಿ, ಬೆಳ್ಳನೆಯ ಹೊಸ ಉಗುರು ಅರ್ಧದವರೆಗೆ ಬಂದಿದೆ.

ಸದ್ಭಕ್ತರೇ, ನಿಮ್ಮ ಮನೆಯಲ್ಲಿ ಕೋವಿ ಇಲ್ಲದಿರಬಹುದು. ಆದರೆ ನೋಡದೆ "ಸರಿಯಿದೆ" ಎಂದು ಸಹಿ ಹಾಕಿದ ಕಾಗದವೊಂದು, ಪರೀಕ್ಷಿಸದೆ "ಏನೂ ಆಗಲ್ಲ" ಎಂದು ಇನ್ನೊಬ್ಬರ ಕೈಗಿತ್ತ ವಸ್ತುವೊಂದು ಎಲ್ಲೋ ಇದ್ದೇ ಇರುತ್ತದೆ. ಸ್ನೇಹಿತನಿಗೆ ಕೊಟ್ಟ ಗಾಡಿಯ ಬ್ರೇಕೋ, ಬಾಡಿಗೆಯವರಿಗೆ ಕೊಟ್ಟ ಮನೆಯ ಗ್ಯಾಸಿನ ಕೊಳವೆಯೋ, ಯಾವುದೆಂದು ನಿಮಗೇ ಗೊತ್ತು. ಈ ಪುಟ ಮಡಿಸಿಟ್ಟು ಏಳಿ. ಹೋಗಿ ನೋಡಿ. ತಪ್ಪಿದ್ದರೆ ಕುದುರೆ ಬೀಳುವ ಮೊದಲೇ "ನಾನೇ ಸ್ವಾಮಿ, ನೋಡದೆ ಹೇಳಿದೆ" ಎಂದು ಹೇಳಿಬಿಡಿ. ನಿಮ್ಮ ಗೂಟದ ದಾರವನ್ನು ಇವತ್ತೇ ನೋಡಿ ಬನ್ನಿ.